ಬಾನಿಯೊಳಗಿನ ಉಪ್ಪು

ಅಜ್ಜಪ್ಪ ಬಾಬಾಜಾನನ ಚೀಲದಿಂದ ಒಂದು ಚಿಟಿಕೆ ಪೆಟ್ಲುಪ್ಪು ತೆಗೆದು ಕೆಂಡದ ಮೇಲೆ ಉದುರಿಸಿದ. ಬುಸ್ಸೆಂದು ನೇರಳೆ ಬಣ್ಣದ ಉರಿ ಎದ್ದಿತು. ನೋಡಬೇಕೆಂಬ ಆತುರಕ್ಕೆ ಬಗ್ಗಿ ನಿಂತಿದ್ದ ಪಂಚರೊಬ್ಬರ ಮೀಸೆ ಕೊಂಚ ಸುಟ್ಟು, ಅವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಇದು ಅಪ್ಪಟ ಮಾಲು," ಅಂದ ಅಜ್ಜಪ್ಪ. "ಇನ್ನ ಇದನ್ನ ನೋಡ್ರಿ."

ಸತ್ತ ಗಿಡಗಳಿದ್ದ ಕಲ್ಲಬಾನಿಯ ಅಂಚಿನಲ್ಲಿ ಬಿಳಿಯ ಪೊರೆಯೊಂದು ಒಣಗಿ ಕೂತಿತ್ತು. ಅದನ್ನು ಚಾಕುವಿನಿಂದ ಕೆರೆದು ಅದೇ ಕೆಂಡದ ಮೇಲೆ ಹಾಕಿದ. ಉರಿ ಏಳಲಿಲ್ಲ. ಚಟಚಟ ಸಿಡಿದು ಸುಮ್ಮನಾಯಿತು. ಇದು ದಿನಾ ಸಾರಿಗೆ ಹಾಕುವ ಉಪ್ಪು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿರೇಬೆಂಡಿಗೇರಿಯ ಕರಬಸಪ್ಪ ಮಣ್ಣಿಲ್ಲದೆ ಬೆಳೆದಿದ್ದ ಆಲೂಗಡ್ಡೆಯ ಗಿಡಗಳು ಮೂರೇ ದಿನದಲ್ಲಿ ಬಾಡಿ ಸತ್ತಿದ್ದವು. ಅವಕ್ಕೆ ಪೆಟ್ಲುಪ್ಪು ಪೂರೈಸಿದ್ದ ಸವಣೂರಿನ ಬಾಬಾಜಾನ ಅದರಲ್ಲಿ ಅಡಿಗೆ ಉಪ್ಪು ಬೆರೆಸಿದ ಎಂಬ ದೂರು ಬಿದ್ದಿತ್ತು. ನಿಜ ತೆಗೆಯುವುದಕ್ಕೆ ಶಿಗ್ಗಾಂವಿಯಿಂದ ನಿವೃತ್ತ ಫೌಜದಾರ ಅಜ್ಜಪ್ಪನನ್ನು ಕರೆಸಿದ್ದರು.

ಯುದ್ಧದ ಕಾಲ. ಪೆಟ್ಲುಪ್ಪೆಂದರೆ ಸಿಡಿಮದ್ದಿನ ಮೂಲ, ಅದಕ್ಕೆ ಸರಕಾರದ ಪರವಾನಗಿ ಬೇಕು. ಅದರಲ್ಲಿ ಕಲಬೆರಕೆ ಮಾಡಿದವನಿಗೆ ಜೈಲು ತಪ್ಪದು, ಪರವಾನಗಿಯಂತೂ ಉಳಿಯದು. ಹವಾಲ್ದಾರ ಬೀರಪ್ಪ ಬೇಡಿ ಹಿಡಿದುಕೊಂಡೇ ಬಂದು ಹಿತ್ತಲಿನ ಬೇವಿನ ಗಿಡದ ಕೆಳಗೆ ಕೂತಿದ್ದ. ಬಾನಿ ಅಗೆಸಿ ಬೆಳೆ ನೋಡಲು ಧಾರವಾಡದಿಂದ ಒಕ್ಕಲುತನ ಖಾತೆಯ ಸಾಹೇಬರು ಮೊದಲೇ ಗೊತ್ತಾಗಿದ್ದಂತೆ ಮಧ್ಯಾಹ್ನಕ್ಕೆ ಬರುವವರಿದ್ದರು. ಅಷ್ಟರೊಳಗೆ ಇತ್ಯರ್ಥವಾಗದಿದ್ದರೆ ಬಾಬಾಜಾನ ಬೀರಪ್ಪನ ಜೊತೆ ನಡೆಯಬೇಕಾಗಿತ್ತು.

ಅವನೋ, ಬರದೆಯೇ ಇರಬಹುದಾಗಿತ್ತು. ಸವಣೂರು ಬೇರೆ ಸಂಸ್ಥಾನ. ಅದರ ಗಡಿಯೊಳಗೆ ಬೀರಪ್ಪನ ಬೇಡಿ ನಡೆಯುತ್ತಿರಲಿಲ್ಲ. ಆದರೂ ಸುದ್ದಿ ಮುಟ್ಟಿದ ಮರುದಿನವೇ ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು, ಉಳಿದ ಮಾಲಿನ ಚೀಲವನ್ನು ತನ್ನ ಚಕ್ಕಡಿಯಲ್ಲೇ ಹಾಕಿಕೊಂಡು ಬಂದಿದ್ದ. ಯಾಕೆ ಬಂದೆ ಎಂದು ಅಜ್ಜಪ್ಪ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಊರಿನ ಬಾಯಲ್ಲಿ ಆಗಲೇ ಓಡಾಡುತ್ತಿತ್ತು.

"ನಮ್ಮ ಅಜ್ಜನ ಕಾಲದಿಂದ ಈ ಸೀಮ್ಯಾಗ ಹಾರಿದ ಬಾಣ ಬಿರಸೆಲ್ಲಾ ನಮ್ಮ ಮನಿ ಮದ್ದಿನವು. ಒಂದರ ಠುಸ್ ಅಂದೈತೇನು, ಕೇಳ್ರಿ. ನಾ ಮನ್ಯಾಗ ಕುಂತ್ರ ಅಂದದ್ದು ಖರೆ ಆಗ್ತೈತಿ."

ಅಜ್ಜಪ್ಪನಿಗೆ ಈ ಮಾತು ಬಹಳ ಹಿಡಿಸಿತ್ತು. ತಮ್ಮ ಕಸುಬಿನ ಮೇಲೆ ಅಭಿಮಾನವಿದ್ದವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ಪ್ರೀತಿ. ಯಾಕೆಂದರೆ ಅವನಿಗೂ ಅದು ಒಂದು ಹಿಡಿ ಹೆಚ್ಚೇ ಇತ್ತು. ನಿವೃತ್ತನಾಗಿ ಮೀಸೆ ನೆರೆತರೂ ಅದನ್ನು ತಿರುವುವ ಗತ್ತು ಕಡಿಮೆಯಾಗಿರಲಿಲ್ಲ.

ಆದರೆ ಕೆಂಡದ ಪರೀಕ್ಷೆಯಿಂದ ಬಾಬಾಜಾನ ಪಾರಾಗಲಿಲ್ಲ. ಕರಬಸಪ್ಪ ತಣ್ಣಗೆ ಎದ್ದು ನಿಂತು, ಈ ಚೀಲದ ಮಾಲು ಚೊಕ್ಕವಿರಬಹುದು, ತಾನು ಬಾನಿಗೆ ಹಾಕಿದ್ದು ಅದಕ್ಕೂ ಹಿಂದಿನ ಚೀಲದ ಮಾಲು, ಅದು ಮುಗಿದುಹೋಗಿದೆ ಎಂದ. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ಸರಿಯಾಗಿಯೇ ಇತ್ತು. ಕರಬಸಪ್ಪ ಪುಣೆಯಲ್ಲಿ ಒಕ್ಕಲುತನದ ಪದವಿ ಪಡೆದು ಬಂದವನು, ಮಾತಾಡಿದರೆ ಸರಿಯಾಗಿಯೇ ಮಾತಾಡುತ್ತಿದ್ದ.

ಅವನ ಬೆಳೆಯನ್ನು ಊರೇ ತನ್ನದೆಂದು ಹೇಳಿಕೊಂಡಿತ್ತು. ದನಗಳು ನೀರು ಕುಡಿಯುವ ಕಲ್ಲಬಾನಿಗಳಲ್ಲಿ ವರದಾ ಹೊಳೆಯ ಹರಳು ತುಂಬಿ, ಅದರಲ್ಲಿ ಬೀಜದ ಗಡ್ಡೆ ಊರಿ, ಬಿಸಿಲು ಬೀಳದಂತೆ ಮೇಲೆ ಹುಲ್ಲು ಹೊದಿಸಿ, ದಿನವೂ ಸತ್ವ ಕರಗಿಸಿದ ನೀರು ಹನಿಸಿ ಬೆಳೆಸಿದ್ದ. ಪೆಟ್ಲುಪ್ಪು, ಎಲುಬಿನ ಗೊಬ್ಬರ, ಒಂದಿಷ್ಟು ಅನ್ನಭೇದಿ, ಕೊನೆಗೆ ಜುಲಾಬಿಗೆ ಕುಡಿಯುವ ಉಪ್ಪು ಕೂಡ. ಗಿಡಕ್ಕೇಕೆ ಜುಲಾಬು ಎಂದು ನಕ್ಕಿದ್ದ ಜನ ಗಿಡ ಸೊಂಟದೆತ್ತರ ಬೆಳೆದಾಗ ಬಾಯಿ ಮುಚ್ಚಿಕೊಂಡರು. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಚಕ್ಕಡಿ ಕಟ್ಟಿಕೊಂಡು ನೋಡಲು ಬಂದರು. ತಿಳವಳ್ಳಿಯ ಗೌಡರೊಬ್ಬರು ಬಾನಿಯ ಸುತ್ತ ಸುತ್ತಿ, ಕೆಳಗೆಲ್ಲೋ ಕದ್ದು ಮಣ್ಣು ತುಂಬಿರಬೇಕೆಂದು ಕೋಲು ಹಾಕಿ ನೋಡಿ, ಕೋಲಿಗೆ ಹರಳಷ್ಟೇ ತಾಗಿದ ಮೇಲೆ ಕರಬಸಪ್ಪನ ಬೆನ್ನು ತಟ್ಟಿ ಹೋಗಿದ್ದರು.

ಈಗ ಅದೇ ಗಿಡಗಳ ಎಲೆಗಳು ಅಂಚಿನಿಂದ ಒಳಗೆ ಸುಟ್ಟುಕೊಂಡು ಮುದುರಿ ಬಿದ್ದಿದ್ದವು.

ಅಜ್ಜಪ್ಪ ಧೋತರ ಮೇಲಕ್ಕೆ ಕಟ್ಟಿ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಹುಲ್ಲು ಸರಿಸಿ ಹರಳಿನೊಳಗೆ ಕೈ ಇಳಿಸಿದ. ಬೇರು ಸಿಕ್ಕಿತು, ಬೆಳ್ಳಗೆ, ದಟ್ಟವಾಗಿ, ನೂಲಿನ ಉಂಡೆಯಷ್ಟು. ಮೊಣಕೈತನಕ ಇಳಿಸಿ ತಡಕಾಡಿದ. ಬೇರು ಬಿಟ್ಟರೆ ಬೇರೇನೂ ಕೈಗೆ ಹತ್ತಲಿಲ್ಲ. ಎರಡನೆಯ ಬಾನಿಯಲ್ಲೂ ಅಷ್ಟೇ, ಮೂರನೆಯದರಲ್ಲೂ ಅಷ್ಟೇ. ಎರಡೂವರೆ ತಿಂಗಳ ಗಿಡ ಸತ್ತದ್ದು ಈ ವಾರ. ನಿಂಬೆಯಷ್ಟಾದರೂ ಗಡ್ಡೆ ಇರಬೇಕಲ್ಲ ಎಂದುಕೊಂಡ.

ನಿನ್ನೆ ಬಂದಾಗ ಕರಬಸಪ್ಪನೇ ಉತ್ಸಾಹದಿಂದ ಪಾಠ ಹೇಳಿದ್ದ. ಆಲೂಗಡ್ಡೆಗೆ ಎರಡು ಊಟ. ಹೂ ಬಿಡುವ ತನಕ ಎಲೆಯ ಊಟ, ಅಂದರೆ ಪೆಟ್ಲುಪ್ಪು ಧಾರಾಳ. ಹೂ ಬಂದ ಮೇಲೆ ಅದಕ್ಕೆ ಕೈ ಬಿಗಿಹಿಡಿದು ಗಡ್ಡೆಯ ಊಟ ಹಾಕಬೇಕು, ಅಂದರೆ ಬೂದಿಯ ತಿಳಿನೀರು. ಅಜ್ಜಪ್ಪ ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ದ. ಆದರೆ ಈಗ ಅದನ್ನು ಬಿಚ್ಚಿ ನೋಡುವಷ್ಟು ಪುರುಸೊತ್ತು ಮಾಡಿಕೊಳ್ಳಲಿಲ್ಲ, ಯಾಕೆಂದರೆ ಅವನ ಕಣ್ಣು ಬೇರೊಂದರ ಮೇಲೆ ಬಿದ್ದಿತ್ತು.

ಪ್ರತಿ ಬಾನಿಯ ತಲೆಗೂ ಇದ್ದಿಲಿನ ದೊಡ್ಡ ಬೊಟ್ಟು ಇಟ್ಟಿತ್ತು. ಮೂಲೆಯ ಗೂಟಕ್ಕೆ ಹಳೆಯ ಕೆರ ತೂಗುಹಾಕಿತ್ತು. ಕರಿದಾರ ಬೇರೆ. ಇವೆಲ್ಲ ದೃಷ್ಟಿ ತಾಗದಿರಲೆಂದು ಮಾಡುವ ಏರ್ಪಾಡು. ಪುಣೆಯ ಪದವಿಯಲ್ಲಿ ಇದನ್ನು ಕಲಿಸಿರಲಾರರು. ಕರಬಸಪ್ಪನ ತಾಯಿ ಸರೋಜವ್ವನ ಕೆಲಸವೇ ಇದು.

ಅಜ್ಜಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು. ದೃಷ್ಟಿ ತೆಗೆಯುವುದು ಯಾವುದರಿಂದ? ಉಪ್ಪಿನಿಂದ. ಸಾಲುಸಾಲು ಜನ ಬಂದು ನೋಡಿ ಹೋದ ಬೆಳೆ; ದಿನಾ ಸಂಜೆ ಮುಷ್ಟಿ ಮುಷ್ಟಿ ಉಪ್ಪು ನಿವಾಳಿಸಿ, ಕರಗಿಹೋಗಲೆಂದು ಬಾನಿಯ ನೀರಿಗೇ ಹಾಕಿರಬೇಕು ಆ ಮುದುಕಿ. ಹೊಲದಲ್ಲಾದರೆ ನೆಲ ನುಂಗಿಕೊಳ್ಳುತ್ತಿತ್ತು. ಬಾನಿಯಲ್ಲಿ ನುಂಗುವುದಕ್ಕೆ ಮಣ್ಣೆಲ್ಲಿದೆ? ಎಲ್ಲ ಬೇರಿಗೇ ಹೋಯಿತು.

ಕಳ್ಳನೂ ಇಲ್ಲ, ಕಲಬೆರಕೆಯೂ ಇಲ್ಲ, ತಾಯಿಯ ಮಮತೆ ಒಂದು ಹೆಜ್ಜೆ ತಪ್ಪಿದೆ ಅಷ್ಟೇ. ಬಾಬಾಜಾನ ತಲೆ ಎತ್ತಿ ಮನೆಗೆ ಹೋಗಬಹುದು. ಇಷ್ಟು ಚೆಂದದ ಪತ್ತೆ ತನ್ನ ನೌಕರಿಯ ಕಾಲದಲ್ಲೂ ಆಗಿರಲಿಲ್ಲ ಎಂದು ಅಜ್ಜಪ್ಪನಿಗೆ ಅನಿಸಿತು. ಮುದುಕಿಯ ಮಾನ ಮಂದಿಯ ಮುಂದೆ ಕಳೆಯಬಾರದೆಂದು, ಪಂಚರಿಗೆ ಒಂದು ಗಳಿಗೆ ಕೂತಿರಲು ಹೇಳಿ, ಒಬ್ಬನೇ ಅಡಿಗೆಮನೆಯ ಕಡೆ ನಡೆದ.

ಸರೋಜವ್ವ ರೊಟ್ಟಿ ಬಡಿಯುತ್ತಿದ್ದಳು. ನೆತ್ತಿಯ ಮೇಲಿನ ಸೆರಗು, ಹಣೆಯ ವಿಭೂತಿ, ನೆಟ್ಟಗಿನ ಬೆನ್ನು. ಗಂಡ ತೀರಿಕೊಂಡ ಮೇಲೆ ಮೂವತ್ತು ಕೂರಿಗೆ ಹೊಲ ತಾನೇ ನಿಂತು ಮಾಡಿಸಿ, ಮಗನನ್ನು ಪುಣೆಯ ತನಕ ಓದಿಸಿದವಳು. ಮಗನ ಹೆಸರು ಬಂದರೆ ಸಾಕು, ಆ ಬೆನ್ನು ಇನ್ನೊಂದು ಬೆರಳು ಮೇಲೇಳುತ್ತಿತ್ತು.

ಅಜ್ಜಪ್ಪ ಹೊಸ್ತಿಲ ಹೊರಗೇ ಮಣೆಯ ಮೇಲೆ ಕೂತ. ಬಹಳ ಮೃದುವಾಗಿ, ಸುತ್ತುಬಳಸಿ ವಿಷಯಕ್ಕೆ ಬಂದ. ನೀವು ಬೇಕೆಂದು ಮಾಡಿದ್ದಲ್ಲ, ದೃಷ್ಟಿಯ ಉಪ್ಪನ್ನು ಬಾನಿಗೆ ಹಾಕಿದ್ದರಿಂದ ಹೀಗಾಗಿದೆ, ಒಂದು ಮಾತು ಒಪ್ಪಿಕೊಂಡರೆ ಒಬ್ಬ ನಿರಪರಾಧಿ ಉಳಿಯುತ್ತಾನೆ ಎಂದ.

ಸರೋಜವ್ವ ಕೈ ನಿಲ್ಲಿಸಿ ಅವನನ್ನು ನೋಡಿದಳು. ಆಮೇಲೆ ಹಿಟ್ಟಿನ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ಫೌಜದಾರ್ರ, ನಿಮ್ಮ ಮನ್ಯಾಗ ಯಾರೂ ದೃಷ್ಟಿ ತಗದಿಲ್ಲೇನ್ರಿ? ದೃಷ್ಟಿ ಉಪ್ಪು ನೀರಿಗೆ ಯಾಕ ಹಾಕ್ಲಿ? ಒಲಿಗೆ ಹಾಕೂದು. ಚಟಚಟ ಅಂದ್ರ ದೃಷ್ಟಿ ಆಗಿತ್ತು ಅಂತ ಗೊತ್ತಾಗೂದು. ನೀರಾಗ ಹಾಕಿದ್ರ ಏನ್ ಕೇಳಸ್ತೈತಿ?"

ಅಜ್ಜಪ್ಪನಿಗೆ ಕಿವಿಯತನಕ ಬಿಸಿಯಾಯಿತು. ಅವನ ಹೆಂಡತಿಯೂ ಒಲೆಗೇ ಹಾಕುತ್ತಿದ್ದಳು, ಅವನ ತಾಯಿಯೂ ಒಲೆಗೇ ಹಾಕುತ್ತಿದ್ದಳು. ಕಳ್ಳರ ಹೆಜ್ಜೆ ನೋಡುತ್ತ ಮೂವತ್ತು ವರ್ಷ ಕಳೆದವನು ತನ್ನ ಮನೆಯ ಒಲೆಯ ಕಡೆ ಒಂದು ದಿನ ಕಣ್ಣು ಹಾಯಿಸಿರಲಿಲ್ಲ. ಮೀಸೆಯ ಮೇಲಿದ್ದ ಕೈಯನ್ನು ಸದ್ದಿಲ್ಲದೆ ತೊಡೆಯ ಮೇಲೆ ಇಳಿಸಿಕೊಂಡ.

ಹೋಗಲಿ, ಬರಿಗೈಯಲ್ಲಿ ಏಳಬಾರದೆಂದು, ನಿಮ್ಮ ಮನೆಯ ಉಪ್ಪನ್ನು ಒಂದು ಚಿಟಿಕೆ ತೋರಿಸಿರಿ, ಕೆರೆದು ತೆಗೆದದ್ದರ ಜೊತೆ ಹೋಲಿಸಿ ನೋಡುತ್ತೇನೆ ಎಂದ.

"ಎಲ್ಲಿದು ತಮ್ಮಾ," ಎಂದಳು ಸರೋಜವ್ವ, ಮತ್ತೆ ರೊಟ್ಟಿಗೆ ಕೈ ಹಚ್ಚುತ್ತ. "ವರ್ಷಕ್ಕಾಗೂವಷ್ಟು ಹರವಿ ತುಂಬಿಟ್ಟಿದ್ದೆ. ಹೋದ ಸೋಮವಾರ ಎತ್ತಿಗೆ ಬೇಕು ಅಂತ ಕರಬಸ ಹೊತ್ಕೊಂಡು ಹೋದ. ನಾ ಈಗ ಬಾಜೂ ಮನಿ ಉಪ್ಪಿನ್ಯಾಗ ಅಡಿಗಿ ಮಾಡಾಕತ್ತೇನಿ."

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನಿಜ. ಅಂದು ಮೈ ತೊಳೆದು, ಹಿಟ್ಟಿನ ಉಂಡೆಯಲ್ಲಿ ಒಂದಿಷ್ಟು ಉಪ್ಪು ಕಲಸಿ ತಿನ್ನಿಸುವುದೂ ಉಂಟು. ಆದರೆ ಒಂದು ಹರವಿ?

"ಅಕ್ಕಾರ," ಅಂದ ಅಜ್ಜಪ್ಪ ನಿಧಾನವಾಗಿ, "ಹರವಿ ಉಪ್ಪು ತಿಂದ ಎತ್ತು ಇನ್ನ ಎದ್ದು ನಿಂತಾವೇನ್ರಿ?"

ರೊಟ್ಟಿಯ ಸದ್ದು ನಿಂತಿತು. ಗಿಡ ಬಾಡಲು ಸುರುವಾದದ್ದು ಮಂಗಳವಾರ. ಅದನ್ನು ಅಜ್ಜಪ್ಪ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿದರೂ ಸರೋಜವ್ವ ಅದನ್ನು ಮಗುಚಲಿಲ್ಲ.

ಬಾನಿಯೊಳಗೆ ಗಡ್ಡೆ ಸಿಗದಿದ್ದ ಅರ್ಥ ಅಜ್ಜಪ್ಪನಿಗೆ ಆಗ ತಿಳಿಯಿತು. ಹೂ ಬಂದಮೇಲೆ ಕೈ ಬಿಗಿಹಿಡಿಯಬೇಕಾದ ಎಲೆಯ ಊಟವನ್ನು ಕರಬಸಪ್ಪ ನಿಲ್ಲಿಸಿರಲೇ ಇಲ್ಲ. ನೋಡಲು ಬಂದವರು ಹೊಗಳಿದ್ದು ಎಲೆಯನ್ನು, ಎತ್ತರವನ್ನು. ಹೊಗಳಿಕೆ ಬಂದ ಹಾಗೆಲ್ಲ ಇನ್ನಷ್ಟು ಪೆಟ್ಲುಪ್ಪು ಸುರಿದ. ಗಿಡ ಮೇಲೆ ಮೇಲೆ ಬೆಳೆಯಿತು, ಕೆಳಗೆ ಒಂದು ಗಡ್ಡೆಯೂ ಕಟ್ಟಲಿಲ್ಲ. ಸಾಹೇಬರು ಬಂದು ಎಲ್ಲರ ಮುಂದೆ ಬಾನಿ ಅಗೆಸುತ್ತಾರೆಂದು ಗೊತ್ತಾದಾಗ, ಬರಿಯ ಬೇರು ತೋರಿಸುವುದಕ್ಕಿಂತ ಸತ್ತ ಗಿಡ ತೋರಿಸುವುದು ಅವನಿಗೆ ವಾಸಿ ಅನಿಸಿತ್ತು. ಸತ್ತದ್ದಕ್ಕೆ ಒಬ್ಬ ಹೊಣೆಗಾರ ಬೇಕಲ್ಲ. ದೂರದ ಸವಣೂರಿನಲ್ಲಿ ಒಬ್ಬ ಇದ್ದ.

ಅಜ್ಜಪ್ಪನಿಗೆ ಸಿಟ್ಟು ಬಂತು. ಆದರೂ ಬೆಳೆದದ್ದು ಸುಳ್ಳಲ್ಲ, ಹರಳಿನಲ್ಲಿ ಅಷ್ಟು ದೊಡ್ಡ ಗಿಡ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಒಂದು ಸಲ ಸೋತೆ, ಮುಂದಿನ ವರ್ಷ ನೋಡಿರಿ ಎಂದಿದ್ದರೆ ಊರೇ ಹೆಗಲು ಕೊಡುತ್ತಿತ್ತು.

"ನೀವು ಹೇಳಿದ್ದ ಖರೆ, ಫೌಜದಾರ್ರ," ಅಂದಳು ಸರೋಜವ್ವ. ದನಿ ಬದಲಾಗಿತ್ತು. "ಬಾನಿಗೆ ಉಪ್ಪು ಹಾಕಿದಾಕಿ ನಾನ."

"ಈಗಷ್ಟ ಒಲಿಗೆ ಹಾಕ್ತೇನಿ ಅಂದ್ರಿ."

"ವಯಸ್ಸಾತು. ಮರ್ತಿದ್ದೆ."

"ಅಕ್ಕಾರ, ಬ್ಯಾಡ್ರಿ."

ಅವಳು ಕೈ ತೊಳೆದುಕೊಂಡಳು. ಸೆರಗು ಸರಿಮಾಡಿಕೊಂಡು, ಅಜ್ಜಪ್ಪ ಮಣೆಯಿಂದ ಏಳುವುದರೊಳಗೆ ಅವನನ್ನು ದಾಟಿ ಹಿತ್ತಲಿಗೆ ನಡೆದುಬಿಟ್ಟಳು. ಅವಳಿಗೆ ಈ ಸುಳ್ಳನ್ನು ಕಟ್ಟಿಕೊಟ್ಟವನು ತಾನೇ ಎಂಬುದು ಅಜ್ಜಪ್ಪನನ್ನು ಚುಚ್ಚಿತು. ಎಷ್ಟು ಒಪ್ಪವಾಗಿ ಕಟ್ಟಿದ್ದ! ಅವಳು ಅದನ್ನು ಹಾಗೇ ಎತ್ತಿಕೊಂಡು ಹೋದಳು.

ಹಿತ್ತಲಿನಲ್ಲಿ ಪಂಚರ, ಕೂಡಿದ್ದ ಊರ ಹೆಂಗಸರು ಗಂಡಸರ ಮುಂದೆ ನಿಂತು ಸರೋಜವ್ವ ಎಲ್ಲವನ್ನೂ ಗಟ್ಟಿಯಾಗಿ ಹೇಳಿದಳು. ಮಗನ ಬೆಳೆಗೆ ಊರೂರಿನ ಕಣ್ಣು ಬಿತ್ತು, ತಾಯಿಯ ಜೀವ ತಡೆಯಲಿಲ್ಲ, ದಿನಾ ದೃಷ್ಟಿ ತೆಗೆದು ಉಪ್ಪನ್ನು ಬಾನಿಗೆ ಹಾಕಿದೆ, ತಪ್ಪು ನನ್ನದು, ಸವಣೂರಿನ ಅಣ್ಣನ ಮಾಲಿನಲ್ಲಿ ದೋಷವಿಲ್ಲ. ಒಂದು ಕಡೆಯೂ ದನಿ ನಡುಗಲಿಲ್ಲ. ಇಂಥ ಮಗನನ್ನು ಹೆತ್ತದ್ದಕ್ಕೆ ಇಷ್ಟೂ ಮಾಡದಿದ್ದರೆ ಹೇಗೆ ಎಂಬಂತಿತ್ತು ಅವಳ ನಿಲುವು.

ಎಲ್ಲರಿಗೂ ಹಗುರಾಯಿತು. ಮುದುಕಿಯೊಬ್ಬಳು ದೃಷ್ಟಿ ತೆಗೆದರೆ ಯಾವ ಕಾಯದೆಯೂ ಇಲ್ಲ. ಪಂಚರು ತಲೆದೂಗಿದರು. ಬೀರಪ್ಪ ಬೇಡಿಯನ್ನು ಚೀಲಕ್ಕೆ ಹಾಕಿ, ಬಾಬಾಜಾನಸಾಬರು ಇನ್ನು ಚಕ್ಕಡಿ ಹೂಡಬಹುದು ಎಂದ. ಕರಬಸಪ್ಪ ಮಾತ್ರ ಬಾನಿಯ ಪಕ್ಕ ನಿಂತು, ಸತ್ತ ಗಿಡವೊಂದರ ಎಲೆಯನ್ನು ಬೆರಳಲ್ಲಿ ಹೊಸಕುತ್ತಿದ್ದ.

ಬಾಬಾಜಾನ ಎದ್ದ. ಶೇರವಾನಿಯ ಗುಂಡಿಗಳನ್ನು ಮೇಲಿಂದ ಕೆಳಗೆ ಒಮ್ಮೆ ಮುಟ್ಟಿ ನೋಡಿಕೊಂಡ. ಚಕ್ಕಡಿಯ ಕಡೆ ಹೋಗಲಿಲ್ಲ, ಬೀರಪ್ಪನ ಕಡೆ ಬಂದ.

"ಈ ಅವ್ವ ಸುಳ್ಳು ಹೇಳಾಕತ್ತಾಳ," ಅಂದ.

ಹಿತ್ತಲು ತುಂಬಿದ್ದ ಜನ ಅವನ ಸುತ್ತ ಒತ್ತಿಕೊಂಡು ಬಂದರು.

"ನಮ್ಮ ಮನ್ಯಾಗೂ ದೃಷ್ಟಿ ತಗಿತಾರ. ಒಲಿಗೇ ಹಾಕ್ತಾರ. ಇಲ್ಲಿ ಇಷ್ಟು ಹೆಣ್ಣಮಕ್ಕಳು ನಿಂತಾರ, ಕೇಳ್ರಿ, ಯಾರರ ನೀರಿಗೆ ಹಾಕ್ತೇನಿ ಅಂದ್ರ ನಾ ಹೋಗ್ತೇನಿ."

ಗೋಡೆಯ ಪಕ್ಕ ನಿಂತಿದ್ದ ಹೆಂಗಸರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ಕೆಲವರು ಸೆರಗನ್ನು ಮುಖಕ್ಕೆ ಎಳೆದುಕೊಂಡರು.

ಬೀರಪ್ಪ ಅವನನ್ನು ಪಕ್ಕಕ್ಕೆ ಕರೆದು, ಬಿಡುಗಡೆಯಾಯಿತಲ್ಲ, ಇನ್ನೇಕೆ ಕೆದಕುವುದು ಎಂದು ಬುದ್ಧಿ ಹೇಳಲು ನೋಡಿದ. ಬಾಬಾಜಾನ ಕೇಳಲಿಲ್ಲ. ಇವತ್ತು ಸುಳ್ಳಿನಿಂದ ತೊಳೆದ ಹೆಸರು ನಾಳೆ ಸುಳ್ಳು ಬಯಲಾದಾಗ ಮತ್ತೆ ಹೊಲಸಾಗುತ್ತದೆ, ಬಾಬಾಜಾನ ಕಲಬೆರಕೆ ಮಾಡಿ ಮುದುಕಿಯ ಸೆರಗಿನಲ್ಲಿ ಅಡಗಿದ ಎನ್ನುತ್ತಾರೆ, ಅದಕ್ಕಿಂತ ಜೈಲೇ ಮೇಲು ಎಂದ.

"ಖರೆ ಹೇಳಿ ನನ್ನ ಬಿಡ್ರಿ. ಇಲ್ಲಾಂದ್ರ ಕಟ್ರಿ," ಎಂದು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದ.

ಬೀರಪ್ಪನಿಗೆ ದಿಕ್ಕು ತೋಚಲಿಲ್ಲ. ಅವನು ಅಜ್ಜಪ್ಪನ ಕೈಕೆಳಗೆ ಪಳಗಿದವನು. ಕಷ್ಟ ಬಂದಾಗ ಇವತ್ತಿಗೂ ಅವನ ಮುಖವನ್ನೇ ನೋಡುತ್ತಿದ್ದ.

"ಸಾಹೇಬ್ರ, ಒಳಗ ಮಾತಾಡಿ ಬಂದವರು ನೀವು. ನೀವ ಹೇಳ್ರಿ. ಈ ಅವ್ವ ಹೇಳಿದ್ದು ಖರೇನೋ, ಸುಳ್ಳೋ?"

ಪಂಚರ ಮುಂದೆ ಅಜ್ಜಪ್ಪ ಇದುವರೆಗೆ ಒಂದು ಸುಳ್ಳು ಆಡಿದವನಲ್ಲ. ಅವನ ಜೀವಮಾನದ ಗಳಿಕೆಯೆಂದರೆ ಅದೊಂದೇ. ಎದುರಿಗೆ ಬಾಬಾಜಾನನ ಚಾಚಿದ ಕೈಗಳು. ಪಕ್ಕದಲ್ಲಿ ಸರೋಜವ್ವ. ಅವಳು ಬೇಡಿಕೊಳ್ಳುತ್ತಿರಲಿಲ್ಲ, ನೆಟ್ಟಗೆ ನಿಂತು ಅವನನ್ನೇ ನೋಡುತ್ತಿದ್ದಳು.

ಅಜ್ಜಪ್ಪ ಕರಬಸಪ್ಪನ ಕಡೆ ತಿರುಗಿದ. ಕಣ್ಣಲ್ಲೇ ಹೇಳಿದ: ನಾನು ಹೇಳುವ ಮೊದಲು ನೀನು ಹೇಳು, ನಿನ್ನ ಬಾಯಿಂದ ಬಂದರೆ ನಿನಗೂ ಮಾನ, ನಿನ್ನ ತಾಯಿಗೂ ಮಾನ.

ಕರಬಸಪ್ಪ ಆ ನೋಟವನ್ನು ಅರ್ಥ ಮಾಡಿಕೊಂಡ. ಹೊಸಕಿದ ಎಲೆಯನ್ನು ಕೆಳಗೆ ಬಿಟ್ಟು, ಅಂಗಿಯ ತೋಳು ಎಳೆದುಕೊಂಡು, ಎಲ್ಲರ ನಡುವೆ ಬಂದು ನಿಂತ. ಹುಡುಗ ಕೊನೆಗೂ ತಾಯಿಯ ಮಗನಾದ ಎಂದು ಅಜ್ಜಪ್ಪನ ಎದೆ ತುಂಬಿಬಂತು.

"ಅವ್ವ ಹೇಳಿದ್ದು ಖರೆ ಐತ್ರಿ," ಅಂದ ಕರಬಸಪ್ಪ. "ಆಕಿ ಬಾನಿಗೆ ಉಪ್ಪು ಹಾಕೂದನ್ನ ನಾ ಕಣ್ಣಾರೆ ನೋಡೇನಿ."

ಸರೋಜವ್ವ ಮಗನ ಕಡೆ ತಿರುಗಿ ನೋಡಿದಳು. ತಲೆಯನ್ನು ಮಾತ್ರ ತಗ್ಗಿಸಲಿಲ್ಲ.